ಹಳೇ ಸಜ್ಜಾ ಒಡೆಯಲೇಬೇಕೆ?

ಪ್ರಶ್ನೆ: ನಮ್ಮದು 1962ರ ಮನೆ. ಮುಂದಿನ ಉದ್ದನೆಯ ಕಾಂಕ್ರೀಟ್ ಸಜ್ಜಾದ ಅಡಿಯಿಂದ ಸಿಮೆಂಟ್ ಉದುರಿ ಸರಳು ಕಾಣುತ್ತಿದೆ. ಗೌಂಡಿ ‘ಒಡೆದು ಹೊಸದು ಹಾಕೋಣ’ ಅನ್ನುತ್ತಾರೆ. ಉಳಿಸಬಹುದೆ?
– ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಬಹಳ ಸಲ ಉಳಿಸಬಹುದು. ಆ ತೆಳ್ಳನೆಯ ಅಡ್ಡಗೆರೆಯೇ ಆ ಕಾಲದ ಮನೆಗಳ ಚೆಲುವು. ಅದನ್ನು ತೆಗೆದರೆ ಉಳಿಯುವುದು ಬರೀ ಪೆಟ್ಟಿಗೆ.

ಮೊದಲು ಏಣಿ ಹಾಕಿ ಮೇಲ್ಗಡೆ ನೋಡಿ, ಸಜ್ಜಾದ ಮೇಲೆ ಕಾಲಿಡಬೇಡಿ. ಸಜ್ಜಾದ ಭಾರ ಹೊರುವ ಸರಳು ಮೇಲ್ಭಾಗದಲ್ಲಿರಬೇಕು. ಅದು ಕೆಳಗೇ ಕಂಡರೆ ಕಾಂಕ್ರೀಟ್ ಹಾಕುವಾಗ ತುಳಿದು ಇಳಿದಿರಬಹುದು. ಹಾಗೆ ಇಳಿದಿದ್ದರೆ ಅಥವಾ ಗೋಡೆ ಸೇರುವಲ್ಲಿ ಉದ್ದಕ್ಕೆ ಬಿರುಕಿದ್ದರೆ ಅಡಿಗೆ ಆಸರೆ ಕೊಟ್ಟು ಎಂಜಿನಿಯರ್‌ಗೆ ತೋರಿಸಿ.

ಇಲ್ಲದಿದ್ದರೆ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಷ್ಟನ್ನೂ ಕೆತ್ತಿಸಿ. ಸರಳಿನ ಹಿಂದೆ 20 ಮಿ.ಮೀ. ಬಿಡಿಸಿ, ತಂತಿ ಬ್ರಷ್‌ನಿಂದ ತುಕ್ಕು ತೆಗೆದು ಝಿಂಕ್ ಪ್ರೈಮರ್ ಹಚ್ಚಿ. ಆಮೇಲೆ ಪಾಲಿಮರ್ ಬೆರೆಸಿದ 1:3 ಗಾರೆ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು), ಒಂದು ಪದರಕ್ಕೆ 10–15 ಮಿ.ಮೀ. ಮಾತ್ರ, ಒಮ್ಮೆಲೇ ದಪ್ಪ ಮೆತ್ತಿದರೆ ಜೋತುಬೀಳುತ್ತದೆ. ಏಳು ದಿನ ತೇವ ಇರಲಿ. ತುಕ್ಕಿನ ಮೇಲೇ ಗಿಲಾವು ಎಳೆದರೆ ಒಂದೆರಡು ಮಳೆಗಾಲದಲ್ಲಿ ಮತ್ತೆ ಉದುರುತ್ತದೆ, ತುಕ್ಕು ಉಬ್ಬಿ ತಳ್ಳುತ್ತದಲ್ಲ.

ತುದಿಯ ಅಡಿಯಲ್ಲಿ ನೀರು ತೊಟ್ಟಿಕ್ಕುವ 10 ಮಿ.ಮೀ. ತೋಡು ಮಾಡಿಸಲು ಮರೆಯಬೇಡಿ.