ಬಡಾವಣೆ ಮಕ್ಕಳ ಫುಟ್‌ಬಾಲ್ ಲೀಗ್‌ಗೆ ಕೋಚ್, ಕಪ್, ಕ್ಯಾಶ್ ಪ್ರೈಜ್ ಎಲ್ಲ ಸೇರಿ ಎಷ್ಟು ದುಡ್ಡು ಬೇಕು?

ಪ್ರಶ್ನೆಯ ಜೊತೆ ನೀವು ಹಾಕಿದ ಖರ್ಚಿನ ಪಟ್ಟಿಯಲ್ಲಿ ಕೋಚ್ ಇದ್ದಾರೆ, ಕಪ್ ಇದೆ, ಕ್ಯಾಶ್ ಪ್ರೈಜ್ ಇದೆ, ಫೈನಲ್ ದಿನಕ್ಕೆ ಮುಖ್ಯ ಅತಿಥಿಯೂ ಇದ್ದಾರೆ. ಆಡುವವರು ಆರರಿಂದ ಹನ್ನೆರಡು ವರ್ಷದ ಮಕ್ಕಳು. ಓದುತ್ತಾ ಹೋದ ಹಾಗೆ ಇದು 2023ರಲ್ಲಿ ನಾನೇ ಬರೆದ ಪಟ್ಟಿ ಅನ್ನಿಸಿತು. ದುಡ್ಡಿನ ಲೆಕ್ಕ ಆಮೇಲೆ ನೋಡೋಣ. ಮೊದಲು ನಮ್ಮಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ.

ನಮ್ಮದು ಮೈಸೂರು. ಆ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆಗ ನಮ್ಮ ಬೀದಿಯ ಮಕ್ಕಳು ಬ್ಯಾಟು ಒಳಗಿಟ್ಟು ಚೆಂಡು ಒದೆಯಲು ಶುರು ಮಾಡಿದರು. ಬಡಾವಣೆಯ ನಡುವೆ ಒಂದು ಖಾಲಿ ಮೈದಾನ ಇತ್ತು. ತುಂಬಾ ಕಾಂಗ್ರೆಸ್ ಗಿಡ. ನಾವು ಐದು ಜನ ಮೂರು ಭಾನುವಾರ ಕೂತು ಕಿತ್ತೆವು, ವಾರವಿಡೀ ಕೈ ಕೆರೆದುಕೊಂಡೆವು. ಒಡೆದ ಬಾಟಲಿ ಚೂರು ಆರಿಸಿದ್ದೇ ಎರಡು ಬಕೆಟ್. ದಸರಾ ರಜೆ ಮುಗಿದ ಮೇಲೆ 38 ಮಕ್ಕಳನ್ನು ಸೇರಿಸಿ ಆಟ ಶುರು ಮಾಡಿದೆವು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ.

ಗೋಲ್ ಪೋಸ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಅಳತೆ ಕೊಟ್ಟವನು ನಾನೇ. 12 ಅಡಿ ಅಗಲ, 6 ಅಡಿ ಎತ್ತರ, 4 ಅಡಿ ಆಳ. ಮುಂದೆ ಒಂದೂವರೆ ಇಂಚಿನ ಜಿಐ ಪೈಪ್. ಹಿಂದಿನದು ಬರೀ ನೆಟ್ ಹಿಡಿದುಕೊಳ್ಳೋಕೆ ತಾನೇ ಅಂತ ಮುಕ್ಕಾಲು ಇಂಚಿನದು ಹಾಕಿಸಿದೆ, ದುಡ್ಡು ಉಳಿಯಿತು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ 22 ವರ್ಷ ಮೆಷಿನ್ ಶಾಪ್‌ನಲ್ಲಿ ದುಡಿದವನು ನಾನು. ಭಾರ ಎಲ್ಲಿ ಕೂರುತ್ತದೆ ಅನ್ನೋದು ಗೊತ್ತಿಲ್ಲದವನಲ್ಲ. ಅದಕ್ಕೇ ಮೊದಲ ದಿನವೇ ಒಂದೊಂದು ಪೋಸ್ಟಿನ ಹಿಂದಿನ ಪೈಪಿಗೆ ಎರಡೆರಡು ಮರಳು ಮೂಟೆ ಕಟ್ಟಿಸಿದ್ದೆ. ಒಂದೊಂದು 25 ಕೆಜಿ. ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಏನೂ ಆಗಲಿಲ್ಲ.

ಫೈನಲ್ 2024ರ ಫೆಬ್ರವರಿಯಲ್ಲಿ. ಮುಖ್ಯ ಅತಿಥಿ ಬರುತ್ತಾರೆ ಅಂತ ಶಾಮಿಯಾನಾ ಹಾಕಿಸಿದೆವು, ಕುರ್ಚಿ, ಮೈಕು, ಕಪ್ ಇಡೋಕೆ ಮೇಜು. ವೇದಿಕೆಗೆ ಜಾಗ ಸಾಲದೆ ಒಂದು ಗೋಲ್ ಪೋಸ್ಟನ್ನು ಇಪ್ಪತ್ತು ಅಡಿ ಈಚೆ ತರಬೇಕಾಯಿತು. ಮೂಟೆ ಬಿಚ್ಚಿ ಎತ್ತಿ ಇಟ್ಟೆವು. ಅಷ್ಟರಲ್ಲಿ ಗಾಳಿ ಎದ್ದಿತು. ಶಾಮಿಯಾನಾ ಹಾಕುತ್ತಿದ್ದ ಹುಡುಗ ಹಗ್ಗಕ್ಕೆ ಭಾರ ಬೇಕು ಅಂತ ಕೇಳಿದ. 'ಆ ಮೂಟೆ ಇದೆಯಲ್ಲ, ಅದೇ ತಗೋ' ಅಂದೆ.

ನನ್ನ ತಪ್ಪು ಇದು. ಆ ಒಂದು ಮಾತು. ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಕ್ಕಳ ಪಕ್ಕದಿಂದ ಭಾರ ತೆಗೆದು ಅತಿಥಿಗಳ ತಲೆ ಮೇಲಿನ ಬಟ್ಟೆಗೆ ಕಟ್ಟಿಸಿದೆ. ಆಮೇಲೆ ಬೇರೆ ಮೂಟೆ ತುಂಬಿಸೋಣ ಅಂತ ಮನಸ್ಸಿನಲ್ಲಿತ್ತು. ಅಷ್ಟು ಹೊತ್ತಿಗೆ ಕಪ್ ಮೇಲೆ ಹೆಸರು ತಪ್ಪಾಗಿ ಬಂದಿದೆ ಅಂತ ಯಾರೋ ಕರೆದರು, ಆ ಕಡೆ ಹೋದೆ.

ಪಂದ್ಯ ಆಡುವಾಗ ಏನೂ ಆಗಲಿಲ್ಲ, ಇದನ್ನು ಗಮನಿಸಿ. ಆಟ ಒಂಬತ್ತಕ್ಕೇ ಮುಗಿದಿತ್ತು. ಅತಿಥಿ ಇನ್ನೂ ಬಂದಿರಲಿಲ್ಲ. ಐವತ್ತು ನಿಮಿಷ ಮಕ್ಕಳನ್ನು ಸುಮ್ನೆ ಕಾಯಿಸಿದೆವು. ಮಕ್ಕಳು ಎಷ್ಟು ಹೊತ್ತು ಕೂರುತ್ತಾರೆ? ಒಂಬತ್ತು ವರ್ಷದ ಹುಡುಗ ಹಾರಿ ಮೇಲಿನ ಅಡ್ಡ ಪೈಪ್ ಹಿಡಿದು ಜೀಕಿದ. ಅವನ ಮುಂದೆಯೇ ಎಂಟು ವರ್ಷದ ಇನ್ನೊಬ್ಬ ಹುಡುಗ ನೆಲದ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಿದ್ದ. ಪೋಸ್ಟ್ ಮುಂದಕ್ಕೆ ಮಗುಚಿತು. ಅಷ್ಟು ದೊಡ್ಡ ಶಬ್ದವೂ ಬರಲಿಲ್ಲ. ಮಣ್ಣಿಗೆ ಬಿದ್ದ ಧಪ್ ಅನ್ನೋ ಸದ್ದು, ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಓಡಿ ಹೋಗಿ ಎತ್ತಿದಾಗ ಅವನ ಎಡ ಮುಂಗೈ ಮಧ್ಯದಲ್ಲಿ ಬಾಗಿತ್ತು. ಬಲಗೈಯಲ್ಲಿ ಇನ್ನೂ ಲೇಸ್ ಹಿಡಿದುಕೊಂಡೇ ಇದ್ದ.

ಮುಂಗೈಯ ಎರಡೂ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಒಂದು ಗೇಣು ಆಚೆ ಬಿದ್ದಿದ್ದರೆ ತಲೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ಪೋಸ್ಟಿನ ತೂಕ ಸುಮಾರು 40 ಕೆಜಿ. ಎತ್ತೋಕೆ ಇಬ್ಬರು ಬೇಕು. ಇಷ್ಟು ಭಾರದ್ದು ಎಲ್ಲಿ ಬೀಳುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಭಾರವೆಲ್ಲ ಮುಂದೆಯೇ ಇದೆ. ಅಡ್ಡ ಪೈಪು, ಎರಡು ಕಂಬ, ಎಲ್ಲ ಗೋಲ್ ಗೆರೆಯ ಮೇಲೆ. ಹಿಂದೆ ತೆಳು ಪೈಪು. ಒಟ್ಟು ಭಾರದ ನಡು ಬರುವುದು ಮುಂದಿನ ಕಾಲಿನಿಂದ ಒಂದೇ ಅಡಿ ಹಿಂದೆ. ಮಗುಚದ ಹಾಗೆ ತಡೆಯೋದು ಅಷ್ಟೇ, 40 ಕೆಜಿ, ಒಂದಡಿ. ಎಳೆಯುವ ಕೈ ಇರುವುದು ಆರಡಿ ಮೇಲೆ. ನಲವತ್ತನ್ನು ಆರರಿಂದ ಭಾಗಿಸಿ. ಏಳು ಕೆಜಿಯೂ ಇಲ್ಲ! ಸನ್ನೆಕೋಲಿನ ಲೆಕ್ಕ, ಭಾರವನ್ನು ದೂರದಿಂದ ಗುಣಿಸುವುದು. 25 ಕೆಜಿಯ ಹುಡುಗ ಎರಡು ಸಲ ಜೀಕಿದರೆ ಅಷ್ಟು ಎಳೆತ ಬಂದೇ ಬರುತ್ತದೆ. ಹಿಂದಿನ ಪೈಪಿನ ಮೇಲೆ ಆ ಎರಡು ಮೂಟೆ ಇದ್ದಿದ್ದರೆ? 50 ಕೆಜಿ, ನಾಲ್ಕಡಿ ದೂರ, ಅಂದರೆ 200. ಮೊದಲಿನ 40 ಸೇರಿ 240. ಆರರಿಂದ ಭಾಗಿಸಿದರೆ 40 ಕೆಜಿ ಎಳೆತ ಬೇಕು. ಏಳು ಎಲ್ಲಿ, ನಲವತ್ತು ಎಲ್ಲಿ. ಹಿಂದೆಯೂ ದಪ್ಪ ಪೈಪ್ ಹಾಕಿಸಿದ್ದರೆ ಇನ್ನೂ ಜಾಸ್ತಿ ಬೇಕಾಗುತ್ತಿತ್ತು. ನಾನು ಉಳಿಸಿದ ದುಡ್ಡು ಎಲ್ಲಿಂದ ಉಳಿಯಿತು ನೋಡಿ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಹೀಗೆ ಗೋಲ್ ಪೋಸ್ಟ್ ಮಗುಚಿ ಮಕ್ಕಳು ಸತ್ತೇ ಹೋಗಿದ್ದಾರೆ. ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಇದಕ್ಕೆಂದೇ ಸೂಚನೆ ಹೊರಡಿಸಿದೆ: ಪೋಸ್ಟನ್ನು ನೆಲಕ್ಕೆ ಬಿಗಿಯಬೇಕು, ಯಾರೂ ಹತ್ತಬಾರದು, ಜೋತು ಬೀಳಬಾರದು, ಆಟ ಇಲ್ಲದಾಗ ಸರಪಳಿ ಹಾಕಿಡಬೇಕು. ನಾನು ಅದನ್ನು ಓದಿದ್ದು ಆಮೇಲೆ.

ಆ ಹುಡುಗನ ತಾಯಿ ಬೈಯಲಿಲ್ಲ. 'ನೀವೆಲ್ಲ ಇದ್ದೀರಲ್ಲ ಅಂತ ಕಳಿಸಿದ್ದೆ' ಅಂದರು, ಅಷ್ಟೇ. ಮುಂದಿನ ಭಾನುವಾರ 38ರಲ್ಲಿ 11 ಮಕ್ಕಳು ಬಂದರು. ನಿಲ್ಲಿಸಿಬಿಟ್ಟೆವು. ಮತ್ತೆ ಶುರು ಮಾಡಿದ್ದು ಒಂಬತ್ತು ತಿಂಗಳ ಮೇಲೆ, ಮನೆ ಮನೆಗೆ ಹೋಗಿ, ಏನು ತಪ್ಪಾಗಿತ್ತು, ಈಗ ಏನು ಬದಲಾಗಿದೆ ಅಂತ ಹೇಳಿ. ಆ ಹುಡುಗ ಈಗ ಬ್ಯಾಡ್ಮಿಂಟನ್ ಆಡುತ್ತಾನೆ. ದಾರಿಯಲ್ಲಿ ಸಿಕ್ಕರೆ ಅಂಕಲ್ ಅಂತ ನಗುತ್ತಾನೆ. ನನಗೆ ಮೊದಲು ಕಣ್ಣು ಹೋಗುವುದು ಆ ಎಡಗೈ ಮೇಲೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕ್ಯಾಶ್ ಪ್ರೈಜ್ ಎಷ್ಟಿಡಬೇಕು ಅಂತ ಕೇಳಿದ್ದೀರಿ. ಇಡಲೇಬೇಡಿ. ಎಂಟು ವರ್ಷದ ಮಗುವಿನ ಆಟಕ್ಕೆ ದುಡ್ಡು ಕಟ್ಟಿದ ದಿನ ಗೆರೆಯ ಆಚೆ ನಿಂತ ಅಪ್ಪಂದಿರ ಗಂಟಲು ಬದಲಾಗುತ್ತದೆ. ನಮ್ಮಲ್ಲಿ ಆಯಿತು. ರೆಫರಿ ಆಗಿದ್ದ ಕಾಲೇಜು ಹುಡುಗನ ಮೇಲೆ ಏರಿ ಹೋದರು. ಮುಖ್ಯ ಅತಿಥಿಯನ್ನೂ ಕರೆಯಬೇಡಿ. ಅವರಿಗಾಗಿ ಮಕ್ಕಳು ಬಿಸಿಲಲ್ಲಿ ಕಾಯುವಂತಾಗುತ್ತದೆ, ಮತ್ತೆ ಮೈದಾನವನ್ನು ಅವರಿಗೆ ಬೇಕಾದ ಹಾಗೆ ಜೋಡಿಸುತ್ತೀರಿ. ನಾವೀಗ ಫೈನಲ್ಲೇ ಆಡಿಸುವುದಿಲ್ಲ. ಕೊನೆಯ ಭಾನುವಾರ ಎಲ್ಲ ಮಕ್ಕಳಿಗೂ ಒಂದೇ ಥರದ ಮೆಡಲ್, ಇಡ್ಲಿ, ಕೇಸರಿಬಾತ್. ಹತ್ತು ವರ್ಷದ ಕೆಳಗಿನವರಿಗೆ ಪಾಯಿಂಟ್ ಪಟ್ಟಿಯೂ ಇಲ್ಲ. ಯಾರು ಗೆದ್ದರು ಅನ್ನೋದು ಮಕ್ಕಳಿಗೆ ಹೇಗೂ ಗೊತ್ತಿರುತ್ತದೆ, ಮನೆ ಮುಟ್ಟುವಷ್ಟರಲ್ಲಿ ಮರೆತೂ ಇರುತ್ತಾರೆ.

ದೊಡ್ಡ ಕೋಚ್ ಬೇಕೇ ಬೇಕು ಅನ್ನೋದನ್ನೂ ನಾನು ಒಪ್ಪುವುದಿಲ್ಲ. ಈ ವಯಸ್ಸಿಗೆ ಬೇಕಾದ್ದು ಕಾಲಿಗೆ ಚೆಂಡು ಸಿಗುವುದು. ಮೊದಲ ವರ್ಷ ನಾವು ಒಂಬತ್ತು ಒಂಬತ್ತು ಜನರನ್ನು ಇಳಿಸುತ್ತಿದ್ದೆವು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲ ಚೆಂಡಿನ ಸುತ್ತ. ಒಂದು ದಿನ ಏಳು ವರ್ಷದ ಒಬ್ಬ ಹುಡುಗಿಯನ್ನೇ ನೋಡುತ್ತಾ ಕೂತೆ. ಇಪ್ಪತ್ತು ನಿಮಿಷದಲ್ಲಿ ಅವಳ ಕಾಲಿಗೆ ಚೆಂಡು ತಾಗಿದ್ದು ಎರಡು ಸಲ. ಎರಡನೇ ಸಲ ತಾಗಿದಾಗ ಖುಷಿಗೆ ನಿಂತೇ ಬಿಟ್ಟಳು, ಚೆಂಡು ಹೋಯಿತು. ಈಗ ಅವಳ ವಯಸ್ಸಿನವರನ್ನು ನಾಲ್ಕು ನಾಲ್ಕು ಜನ ಆಡಿಸುತ್ತೇವೆ, ಗೋಲ್ ಕೀಪರ್ ಇಲ್ಲ, ಪುಟ್ಟ ಗೋಲು. ಎಷ್ಟು ಸಲ ಚೆಂಡು ಮುಟ್ಟಿದಳು ಅಂತ ಎಣಿಸೋಕೆ ಹೋಗಿ ನನಗೇ ಲೆಕ್ಕ ತಪ್ಪಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2018ರಲ್ಲಿ ಗೋಲ್ಡನ್ ಬೇಬಿ ಲೀಗ್ ಶುರು ಮಾಡಿದಾಗಲೂ ಇದೇ ದಾರಿ ಹಿಡಿದದ್ದು: ಚಿಕ್ಕ ಮೈದಾನ, ಚಿಕ್ಕ ತಂಡ, ಹುಡುಗ ಹುಡುಗಿಯರು ಒಟ್ಟಿಗೆ.

ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳ ಮಗ ಆಡುವುದು ಎವೈಎಸ್‌ಒ ಅನ್ನುವ ಲೀಗಿನಲ್ಲಿ, 1964ರಲ್ಲಿ ಅಲ್ಲೇ ಹುಟ್ಟಿದ್ದು. ಅಪ್ಪ ಅಮ್ಮಂದಿರೇ ಅಲ್ಲಿ ಕೋಚು, ರೆಫರಿ. ಚೆನ್ನಾಗಿ ಆಡಲಿ ಬಿಡಲಿ, ಪ್ರತಿ ಮಗುವೂ ಪಂದ್ಯದ ಅರ್ಧ ಹೊತ್ತಾದರೂ ಒಳಗಿರಬೇಕು ಅನ್ನೋದು ಅವರ ನಿಯಮ. ಅದನ್ನು ನಾವು ಹಾಗೇ ತಂದುಕೊಂಡೆವು. ಬೆಂಚಿನ ಮೇಲೆ ಕೂರಿಸುವ ಲೀಗ್ ಮಾಡುವುದಾದರೆ ಮಾಡಲೇಬೇಡಿ.

ಚೆಂಡಿನ ಸೈಜು ನೋಡಿ ತನ್ನಿ. ಎಂಟರವರೆಗೆ 3, ಹನ್ನೆರಡರವರೆಗೆ 4. ದೊಡ್ಡವರ 5 ನಂಬರ್ ಚೆಂಡು ಕೊಟ್ಟರೆ ಕಾಲು ನೋಯುತ್ತದೆ, ಮಕ್ಕಳು ಹೆದರುತ್ತಾರೆ. ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯೋದು, ಬೇಡವೇ ಬೇಡ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಲ್ಲಿಸಿದರು, ಇಂಗ್ಲೆಂಡಿನಲ್ಲಿ 2020ರಿಂದ ಚಿಕ್ಕ ಮಕ್ಕಳಿಗೆ ಪ್ರಾಕ್ಟೀಸಿನಲ್ಲಿ ಇಲ್ಲ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಆ ದಿನ ಮತ್ತೆ ಇಳಿಸಬೇಡಿ, 'ಏನಿಲ್ಲ ಅಂಕಲ್' ಅಂತ ಅವನೇ ಎದ್ದು ಬಂದರೂ.

ಶಿನ್ ಗಾರ್ಡ್, ಅಂದರೆ ಮೊಣಕಾಲಿನ ಕೆಳಗೆ ಮುಂದೆ ಕಟ್ಟುವ ರಕ್ಷೆ, ಇಲ್ಲದೆ ಯಾರೂ ಆಡಬಾರದು. ಜಗಳ ಆಗುವುದು ಒಡವೆ ವಿಷಯಕ್ಕೆ. ಕಡಗ, ಸರ, ಜೋಲಾಡುವ ಓಲೆ, ಎಲ್ಲ ತೆಗೆಸಬೇಕು, ಆಟದ ನಿಯಮದಲ್ಲೇ ಇದೆ. ದೇವಸ್ಥಾನದಲ್ಲಿ ಹಾಕಿಸಿದ ಕಡಗ ತೆಗೆಯೋಲ್ಲ ಅಂತ ಒಬ್ಬರು ಅಜ್ಜಿ ಪಟ್ಟು ಹಿಡಿದರು. ಬೈದು ಕಳಿಸಬೇಡಿ. ನಾವು ಆ ಅಜ್ಜಿಯ ಕೈಗೇ ಕಡಗ ಕೊಟ್ಟು, ಆಟ ಮುಗಿಯೋವರೆಗೆ ನೀವೇ ಹಾಕಿಕೊಂಡು ಕೂತಿರಿ ಅಂದೆವು. ಈಗ ಪ್ರತಿ ಭಾನುವಾರ ಎಲ್ಲ ಮಕ್ಕಳ ಒಡವೆ ಪೆಟ್ಟಿಗೆ ಅವರ ಮಡಿಲಲ್ಲೇ ಇರುತ್ತದೆ.

ಏಪ್ರಿಲ್ ಮೇ ಸಂಜೆ ಆಡಿಸುವುದಾದರೆ ಗುಡುಗಿನ ಮೇಲೆ ಕಣ್ಣಿಡಿ. ಗುಡುಗು ಕೇಳಿದ ಕೂಡಲೇ ಎಲ್ಲರೂ ಮನೆಯೊಳಗೋ ಕಾರಿನೊಳಗೋ ಹೋಗಬೇಕು, ಮರದ ಕೆಳಗಂತೂ ಅಲ್ಲವೇ ಅಲ್ಲ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಬೇಕು.

ಇನ್ನೊಂದು ವಿಷಯ, ಯಾರೂ ಜೋರಾಗಿ ಮಾತಾಡುವುದಿಲ್ಲ, ನಾನು ಹೇಳುತ್ತೇನೆ. ಯಾವ ದೊಡ್ಡವರೂ, ಎಷ್ಟೇ ಪರಿಚಯದವರಾದರೂ, ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಶೌಚಾಲಯಕ್ಕೆ ಕರೆದುಕೊಂಡು ಹೋಗುವಾಗ ಇಬ್ಬರು. ಮನೆಗೆ ಬಿಡುವುದು ಅಪ್ಪ ಅಮ್ಮ ಹೇಳಿದವರು ಮಾತ್ರ. ಇದು ಅನುಮಾನದ ಮಾತಲ್ಲ, ಎಲ್ಲರಿಗೂ ಒಂದೇ ನಿಯಮ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಏನು ಹೇಳುತ್ತದೆ ಅಂತ ನಿಮ್ಮ ಸ್ವಯಂಸೇವಕರನ್ನು ಕೂರಿಸಿಕೊಂಡು ಒಂದು ದಿನ ಓದಿ. ಬೇಸರ ಮಾಡಿಕೊಂಡು ಬಿಟ್ಟು ಹೋಗುವವರು ಹೋಗಲಿ.

ದುಡ್ಡಿಗೆ ಬಂದರೆ, ಗೋಲ್ ಪೋಸ್ಟ್, ಅದರ ಭಾರ, ಚೆಂಡು, ಶಿನ್ ಗಾರ್ಡ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕುಡಿಯೋ ನೀರು. ಇಷ್ಟಕ್ಕೆ ಎತ್ತಿಡಿ. ಬಡಾವಣೆಯವರೇ ಕೊಡುತ್ತಾರೆ. 108ಕ್ಕೆ ಫೋನ್ ಮಾಡುವವರು ಯಾರು, ಗೇಟಿನ ಬೀಗ ಯಾರ ಹತ್ತಿರ ಅನ್ನೋದು ಮೊದಲೇ ಗೊತ್ತಿರಲಿ, ಅದಕ್ಕೆ ಖರ್ಚಿಲ್ಲ. ನನ್ನ ನಾಲ್ಕು ಮರಳು ಮೂಟೆಗೆ ಆದದ್ದು ನಾವು ಕೊಟ್ಟ ಕ್ಯಾಶ್ ಪ್ರೈಜಿನ ಹತ್ತರಲ್ಲಿ ಒಂದು ಪಾಲೂ ಅಲ್ಲ.

ಈಗ ಪ್ರತಿ ಭಾನುವಾರ ಆರೂವರೆಗೆ ಹೋಗಿ ಎರಡೂ ಪೋಸ್ಟಿನ ಅಡ್ಡ ಪೈಪ್ ಹಿಡಿದು ನಾನೇ ಜೋರಾಗಿ ಎಳೆಯುತ್ತೇನೆ. ಅಲ್ಲಾಡಿದರೆ ಆ ದಿನ ಆಟ ಇಲ್ಲ. ಪೋಸ್ಟನ್ನು ಒಂದು ಅಡಿ ಜರುಗಿಸಿದರೂ ಮತ್ತೆ ಎಳೆದು ನೋಡುತ್ತೇನೆ.

ನಿಮ್ಮ ಮೈದಾನ ಎಂಥದ್ದು ಅಂತ ಬರೆದಿಲ್ಲ. ಮಣ್ಣೋ, ಹುಲ್ಲೋ, ಸಿಮೆಂಟೋ? ಮಣ್ಣಾದರೆ ಗೂಟ ಹೊಡೆಯಬಹುದು, ಸಿಮೆಂಟಾದರೆ ಮೂಟೆಯೇ ಆಗಬೇಕು. ಪೋಸ್ಟಿನ ಅಳತೆ, ಹಿಂದಿನ ಪೈಪಿನ ದಪ್ಪ ಹಾಕಿ. ಎಷ್ಟು ಕೆಜಿ ಭಾರ, ಎಲ್ಲಿ ಕಟ್ಟಬೇಕು ಅಂತ ಲೆಕ್ಕ ಮಾಡಿ ಇವತ್ತೇ ಹೇಳುತ್ತೇನೆ.