ತನಗೆ ಗೊತ್ತಿದ್ದದ್ದನ್ನೇ ನಂಬದ ಹುಡುಗಿ

ಆಕೆ ಎಂ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆ. ಓದು ಧಾರವಾಡದಲ್ಲಿ, ವಾಸ ಸಪ್ತಾಪುರದ ಒಂದು ಪಿಜಿಯಲ್ಲಿ. ಅಣ್ಣ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ, ಫೀ ಕಟ್ಟುವವನೂ ಅವನೇ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಿದ್ದೆ ಬರುತ್ತಿಲ್ಲ ಅಂತ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದಳು. ಊಟ ಸೇರುತ್ತಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿಗೆ ಸಂದರ್ಶನಕ್ಕೆ ಹೋಗಿದ್ದಳಂತೆ. ಅಲ್ಲಿ ಫೋನ್ ಹೊರಗಿಡಿಸಿ, ಕ್ಯಾಶ್ ಬುಕ್ಕು, ಬ್ಯಾಂಕ್ ಸ್ಟೇಟ್‌ಮೆಂಟು ಕೈಗೆ ಕೊಟ್ಟು "ಎರಡೂ ಯಾಕೆ ತಾಳೆ ಆಗ್ತಿಲ್ಲ, ನೋಡಿ ಹೇಳಿ" ಅಂದರು. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಒಳ್ಳೆಯ ಅಂಕ ತೆಗೆದವಳು. ಅಲ್ಲಿ ಮಾತ್ರ ಪೆನ್ನು ಓಡಲಿಲ್ಲ.

ಆಮೇಲೆ ಜಿಎಸ್‌ಟಿ ದರ ಎಷ್ಟೆಷ್ಟು ಅಂತ ಕೇಳಿದರು. ಶೇಕಡಾ 5, 12, 18, 28 ಅಂದಳು. ಚಾಟ್‌ಬಾಟ್, ಅಂದರೆ ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ, ಮಾಡಿಕೊಟ್ಟ ನೋಟ್ಸಿನಲ್ಲಿ ಹಾಗೇ ಇತ್ತು. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ದರಗಳನ್ನು ಬಹುತೇಕ ತೆಗೆದು 5 ಮತ್ತು 18 ಉಳಿಸಿದ್ದಾರೆ. ಕೆಲವು ವಸ್ತುಗಳಿಗೆ ಮಾತ್ರ 40. ಈ ಬದಲಾವಣೆ ಆಕೆಗೆ ಗೊತ್ತಿತ್ತು! ಪಿಜಿ ಹತ್ತಿರದ ಅಂಗಡಿಯಲ್ಲಿ ಶಾಂಪೂ, ಸೋಪು ಅಗ್ಗ ಆಗಿದ್ದನ್ನು ನೋಡಿ ಗೆಳತಿಯರ ಜೊತೆ ಮಾತಾಡಿದ್ದಳು. ನೋಟ್ಸಿನಲ್ಲಿ ಬೇರೆ ಇದೆಯಲ್ಲ ಅಂತ ಕಂಡಾಗ, ತಾನೇ ತಪ್ಪು ತಿಳಿದಿರಬೇಕು ಅಂದುಕೊಂಡು ನೋಟ್ಸನ್ನೇ ಬಾಯಿಪಾಠ ಮಾಡಿದ್ದಳು.

"ನನಗ ಏನ್ ಬರ್ತದ, ಅದಕ್ಕ ಏನ್ ಬರ್ತದ ಅನ್ನೂದ ಗೊತ್ತಾಗವಲ್ತರಿ ಮೇಡಂ" ಅಂತ ಅತ್ತಳು. 'ಅದು' ಅಂದರೆ ಆ ಚಾಟ್‌ಬಾಟ್.

ಈ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಇತ್ತೀಚೆಗೆ ನನ್ನ ಹತ್ತಿರ ಬರುವ ಮಕ್ಕಳ ಅಂಜಿಕೆಯೆಲ್ಲ ಇದರಲ್ಲೇ ಇದೆ. ಬಾಟ್ ಬಳಸುವುದೇ ಒಂದು ಸ್ಕಿಲ್, ಬೇರೆ ಏನು ಕಲಿಯಬೇಕು ಅಂತ ಇಂಜಿನಿಯರಿಂಗ್ ಓದುವ ಆಕೆಯ ಗೆಳತಿ ಹೇಳುತ್ತಾಳೆ. ಪರೀಕ್ಷಾ ಹಾಲಿಗೆ ಫೋನ್ ಬಿಡೋದಿಲ್ಲ, ಅದರಿಂದ ಏನು ಉಪಯೋಗ ಅಂತ ಕೆಪಿಎಸ್‌ಸಿಗೆ ಓದುವ ಪಿಜಿ ಗೆಳತಿ ಕೇಳುತ್ತಾಳೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಬಾಟ್ ತಪ್ಪು ಹೇಳಿದಾಗ ಅದು ತಪ್ಪು ಅಂತ ಕಂಡುಹಿಡಿಯುವವರು ಯಾರು? ಆಫೀಸಿನವರು ಸಂಬಳ ಕೊಡೋದು ಅದಕ್ಕೇ ಅಲ್ವಾ?

ಬಾಟ್ ಬಿಟ್ಟುಬಿಡು ಅಂತ ನಾನು ಹೇಳಲಿಲ್ಲ. ಆಕೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಚಾಟ್‌ಜಿಪಿಟಿ ಬಂದಾಗ, ಅಂದರೆ 2022ರ ನವೆಂಬರ್‌ನಲ್ಲಿ, ಬಿ.ಕಾಂ. ಎರಡನೇ ವರ್ಷ. ಕ್ಲಾಸಿನಲ್ಲಿ ಇಂಗ್ಲಿಷ್ ತಪ್ಪಾಡಿದರೆ ನಗುತ್ತಿದ್ದರು. "ಅದು ನಗಂಗಿಲ್ರಿ, ಹತ್ತ ಸಲ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ" ಅಂದಳು. ಇಂಥ ಸಹಾಯವನ್ನು ಕಿತ್ತುಕೊಳ್ಳುವುದು ಅನ್ಯಾಯ. ತೊಂದರೆ ಶುರುವಾದದ್ದು ಆಮೇಲೆ. ಮೊದಲು ಪತ್ರ ತಿದ್ದಲು ಕೊಡುತ್ತಿದ್ದಳು. ಹೋಗ್ತಾ ಹೋಗ್ತಾ ಅಣ್ಣನಿಗೆ ಕಳಿಸುವ ಎರಡು ಸಾಲನ್ನೂ ಅದರ ಕೈಲೇ ಬರೆಸತೊಡಗಿದಳು. ರಾತ್ರಿ ಎರಡು ಗಂಟೆಗೆ "ನನಗೆ ಕೆಲಸ ಸಿಗುತ್ತಾ?" ಅಂತ ಅದನ್ನೇ ಕೇಳುತ್ತಿದ್ದಳು. ಅದು ಖಂಡಿತ ಸಿಗುತ್ತೆ ಅನ್ನುತ್ತಿತ್ತು. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ.

ಬಾಟ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳಿದೆ. ರಾಶಿ ರಾಶಿ ಬರಹದಿಂದ ಕಲಿತು, ಮುಂದೆ ಯಾವ ಪದ ಹೊಂದುತ್ತದೆ ಅಂತ ಊಹಿಸುತ್ತಾ ವಾಕ್ಯ ಕಟ್ಟುತ್ತದೆ. ಕಲಿತ ಮೇಲೆ ಕಾನೂನು ಬದಲಾದರೆ, ಹೊಸದನ್ನು ಹುಡುಕಿ ನೋಡದೆ ಹಳೆಯದನ್ನೇ ಹೇಳಬಹುದು. ಸರಿ ಇದ್ದಾಗಲೂ ತಪ್ಪು ಇದ್ದಾಗಲೂ ಅದರ ದನಿ ಒಂದೇ. ಅದಕ್ಕೇ ದರ, ತಾರೀಖು, ಸೆಕ್ಷನ್ ನಂಬರ್ ಬಂದಾಗ ಸರ್ಕಾರಿ ಪೋರ್ಟಲ್ ತೆರೆದು ನೋಡಲೇಬೇಕು ಅಂದೆ. ನನ್ನ ಎದುರಿಗೇ ಹಾಗೆ ನೋಡಿ, ಹಳೆಯ ನೋಟ್ಸಿನಲ್ಲಿ ಇನ್ನೂ ಒಂದು ತಪ್ಪು ಹಿಡಿದಳು. ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆಯ ರಿಯಾಯಿತಿ ಮಿತಿ 7 ಲಕ್ಷ ಅಂತಿತ್ತು. 2025-26ರಿಂದ ಅದು 12 ಲಕ್ಷ. ಆವತ್ತು ಮೊದಲ ಸಲ ಮುಖ ಅರಳಿತು.

ಇನ್ನು ಅಭ್ಯಾಸದ ಮಾತು. ಯಾವ ಲೆಕ್ಕ ಇದ್ದರೂ ಮೊದಲ ಅರ್ಧ ಗಂಟೆ ಹಾಳೆ ಮೇಲೆ ನೀನೇ ಮಾಡು, ಹೊಡೆದುಹಾಕಿದ ಸಾಲೂ ಇರಲಿ ಅಂದೆ. ಆಮೇಲೆ ಬಾಟ್‌ಗೆ ತೋರಿಸು. "ಉತ್ತರ ಹೇಳಬೇಡ, ಎಲ್ಲಿ ತಪ್ಪಿದ್ದೇನೆ ಅಷ್ಟು ಹೇಳು" ಅಂತ ಕೇಳು. ಸಂದರ್ಶನದವರ ಹಾಗೆ ಅದೇ ನಿನಗೆ ಪ್ರಶ್ನೆ ಹಾಕಲಿ, ಉತ್ತರ ನೀನು ಬಾಯಿಬಿಟ್ಟು ಹೇಳು. ಅಣ್ಣನಿಗೆ ಬರೆಯುವುದನ್ನು ಮಾತ್ರ ಯಾವತ್ತೂ ಅದಕ್ಕೆ ಕೊಡಬೇಡ.

ಸಂಕ್ರಾಂತಿ ರಜೆಯಲ್ಲಿ ಅಣ್ಣನ ಅಂಗಡಿಯಲ್ಲಿ ಕೂರು ಅಂದೆ. ಆಗ ಮೆಣಸಿನಕಾಯಿ ಹಂಗಾಮು ಜೋರು. ಡಬ್ಬಿ, ಕಡ್ಡಿ ಅಂತ ತಳಿ ಬೇರೆ, ಲಾಟಿಗೊಂದು ದರ. ಚೀಲ ಎಣಿಸಿ, ತೂಕ ಬರೆದು, ದರ ಗುಣಿಸಿ ಪಟ್ಟಿ ಮಾಡಬೇಕು. ರೈತ ಎದುರಿಗೇ ನಿಂತು "ಇದ್ಹೆಂಗ ಬಂತು ಹೇಳವಾ" ಅನ್ನುತ್ತಾನೆ. ಆಕೆ ಹೋದಳು. ಮೊದಲ ದಿನ ಒಂದು ಪಟ್ಟಿಯಲ್ಲಿ ಎರಡು ಚೀಲ ಕಡಿಮೆ ಬಿತ್ತು. ಒಬ್ಬ ಮುದುಕ ಬೆರಳು ಮಡಚಿ ಎಣಿಸಿ ತೋರಿಸಿದ. ವಾರದೊಳಗೆ ಕೈಬರಹದ ಪಟ್ಟಿಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕಿ, ಅಂಗಡಿಯ ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ ನೋಡಿದಳು. ಹುಬ್ಬಳ್ಳಿಯಲ್ಲಿ ಕೈ ನಿಂತಿದ್ದು ಇದೇ ಕೆಲಸದಲ್ಲಿ. ಚೆಕ್ ಕೊಟ್ಟಿದ್ದಾರೆ, ಬ್ಯಾಂಕಿಗೆ ಇನ್ನೂ ಬಂದಿಲ್ಲ, ಅದಕ್ಕೇ ವ್ಯತ್ಯಾಸ ಅಂತ ಅಣ್ಣನಿಗೆ ತಾನೇ ಬಿಡಿಸಿ ಹೇಳಿದಳಂತೆ.

ರಾತ್ರಿ ಹತ್ತರ ಮೇಲೆ ಫೋನನ್ನು ಗೆಳತಿಯ ಮೇಜಿನ ಮೇಲಿಡುವುದು ಅಂತ ಮಾಡಿಕೊಂಡೆವು. ಸಂಕಟ ತಡೆಯಲಾಗದಿದ್ದರೆ ಬಾಟ್ ಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು ಅಂದೆ. ಹಗಲು-ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿದ್ದೆ ಸರಿಹೋಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂತಲೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ನೌಕರಿ ಇನ್ನೂ ಸಿಕ್ಕಿಲ್ಲ. ಇನ್ನೊಂದು ಆಫೀಸಿಗೆ ಅರ್ಜಿ ಹಾಕಿದ್ದಾಳೆ. ಇಂಗ್ಲಿಷ್ ತಿದ್ದಿದ್ದು ಬಾಟ್, ಬರೆದದ್ದು ಆಕೆ. ಈ ವರ್ಷ ನೌಕರಿ ಆಗದಿದ್ದರೆ ಮದುವೆ ಅಂತ ಮನೆಯಲ್ಲಿ ಮಾತು ನಡೆದಿದೆ. ಆ ಅಂಜಿಕೆ ಇನ್ನೂ ಇದೆ. ಮುಂದಿನ ಸಲ ಅಣ್ಣನನ್ನೂ ಕರೆದುಕೊಂಡು ಬಾ ಅಂದಿದ್ದೇನೆ.