5.86 ತೆಗೆದು 6.83 ಹಾಕಿಸಬಹುದಾ?

ಆರು ಚಕ್ರದ ಲಾರಿಗೆ ಕಂಪ್ರೆಸರ್ ಕಟ್ಟಿಕೊಂಡು ಪಾಣತ್ತೂರು ದಾಟಿ ಭಾಗಮಂಡಲದ ಚಡವು ಹತ್ತುವಾಗ ದಮ್ಮು ಸಾಲುವುದಿಲ್ಲ, ಹಿಂದಿನ ಆಕ್ಸಲಿನ ರೇಶಿಯೋ (ಒಳಗಿನ ಎರಡು ಹಲ್ಲಿನ ಚಕ್ರಗಳ ಅನುಪಾತ) 5.86ರಿಂದ 6.83ಕ್ಕೆ ಬದಲಿಸಲಾ ಅಂತ ಕೇಳಿದ್ದೀರಿ. ಬದಲಿಸಿದರೆ ಎಳೆಯುತ್ತದೆ ಮಾರಾಯ್ರೇ, ಸಂಶಯ ಬೇಡ. ಆದರೆ ಲೆಕ್ಕ ನೋಡಿ.

5.86 ಅಂದ್ರೆ ಕ್ರೌನ್ ಎಂಬ ದೊಡ್ಡ ಚಕ್ರದಲ್ಲಿ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಪಿನಿಯನ್ನಿನಲ್ಲಿ 7. 6.83 ಅಂದ್ರೆ 41ಕ್ಕೆ 6. ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇಕಡಾ 17 ಜಾಸ್ತಿ. ಇಳಿಯುವಾಗ ಎಂಜಿನ್ ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ ಕೂಡ ಅಷ್ಟೇ ಜಾಸ್ತಿ ತಿರುಗಬೇಕು. ಈಗ 60ರಲ್ಲಿ 1,800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇದ್ದರೆ ಆಮೇಲೆ 2,100. ತಲಪಾಡಿ–ಕಾಲಿಕ್ಕಡವು ಹೈವೇ ಓಟವೇ ಹೆಚ್ಚಿದ್ದರೆ ಡೀಸೆಲ್ ಬಿಲ್ಲು ನೋಡಿ ಅಳಬೇಕಾದೀತು.

ಕ್ರೌನ್, ಪಿನಿಯನ್ ಜೋಡಿಯಾಗಿಯೇ ಹಾಕಿಸಿ. ಎರಡರಲ್ಲೂ ಕ್ರೌನಿಗೆ 41 ಹಲ್ಲೇ ಅಲ್ವಾ ಅಂತ ಪಿನಿಯನ್ ಮಾತ್ರ ಬದಲಿಸಿದರೆ ಆಕ್ಸಲಿನ ಹೌಸಿಂಗ್ ಊಳಿಡುತ್ತದೆ, ಹಲ್ಲೂ ಬೇಗ ಹೋಗುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆ ಅಂತ ನೋಡುವ ಮೆಕ್ಯಾನಿಕ್ಕಿಗೇ ಕೊಡಿ. ಸುಮ್ನೆ ಬೋಲ್ಟ್ ಬಿಗಿದು ಕೊಡುವವರು ಬೇಡ. ಸ್ಪೀಡೋಮೀಟರ್ ಗೇರ್‌ಬಾಕ್ಸಿನಿಂದ ಓದುವಂಥದ್ದಾದರೆ ನಿಜವಾದ 60ಕ್ಕೆ 70 ತೋರಿಸುತ್ತದೆ, ಅದನ್ನೂ ಸರಿಮಾಡಿಸಬೇಕು.

ಅಂದಹಾಗೆ, ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟಯರ್ ಹಾಕಿಸಿದ್ದೀರಾ? ಹಾಗಿದ್ದರೆ ಎಳೆತ ತಿಂದದ್ದು ಅದೇ ಇರಬಹುದು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟರ್ಬೋ ಪೈಪು ಮೊದಲು ನೋಡಿ. ಮತ್ತೆ, ರೇಶಿಯೋ ಬದಲಿಸಿದರೂ ಆರ್‌ಸಿಯಲ್ಲಿರುವ ತೂಕದ ಮಿತಿ ಏರುವುದಿಲ್ಲ.